ಮುಚ್ಚಲು ಬಾರದ ಬಾಗಿಲು

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬರು ಚೀಟಿ ಕಳಿಸಿದ್ದರು. 'ಸೇವೆ ಎಂದರೆ ಏನು, ವಿವರಿಸಿ' ಎಂದು ಬರೆದಿದ್ದರು. ವಿವರಿಸಲು ಹೊರಟರೆ ನನಗೆ ನಾಲ್ಕು ದಿನ ಬೇಕು. ನಿಮಗೆ ಹತ್ತು ನಿಮಿಷಕ್ಕೇ ನಿದ್ದೆ ಬರುತ್ತದೆ. ಕಂಬಕ್ಕೆ ಒರಗಿದವರು ಯಾರು ಯಾರು ಎಂದು ಇಲ್ಲಿಂದ ನನಗೆ ಚೆನ್ನಾಗಿ ಕಾಣುತ್ತದೆ, ಕಲ್ಲನಗೌಡರೇ. ಅದಕ್ಕೇ ಇವತ್ತು ವಿವರಣೆ ಬೇಡ, ಒಂದು ಕಥೆ ಕೇಳಿ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಊರಿನ ಹೆಸರು ಕೇಳಬೇಡಿ, ಸಾಹುಕಾರನ ಹೆಸರನ್ನೂ ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಕಥೆ ಬಿಟ್ಟು ನೆಂಟಸ್ತನ ಹುಡುಕುತ್ತೀರಿ. 'ಅವರು ನಮ್ಮ ದೊಡ್ಡವ್ವನ ಬೀಗರು ಆಗಬೇಕಲ್ಲ' ಎಂದು ಒಬ್ಬರು ಶುರು ಮಾಡಿದರೆ ನನ್ನ ಕಥೆ ಅಲ್ಲಿಗೇ ಮುಗಿಯಿತು. ಆತ ಹತ್ತಿ ವ್ಯಾಪಾರದ ಸಾಹುಕಾರ ಎಂದಷ್ಟು ಗೊತ್ತಿದ್ದರೆ ಸಾಕು. ಹತ್ತಿಯ ಬೀಜ ಬಿಡಿಸುವ ಸ್ವಂತ ಜಿನ್ನಿಂಗ್ ಮಿಲ್ಲು ಇತ್ತು. ಅರವತ್ತು ದಾಟಿದ ವಯಸ್ಸು. ಹೆಂಡತಿ, ಮಕ್ಕಳು, ಪಕ್ಕದ ಓಣಿಯಲ್ಲೇ ಒಬ್ಬ ತಂಗಿ.

ಆ ಮನೆಗೆ ಒಂದು ದೊಡ್ಡ ಹೆಸರಿತ್ತು. ಸಾಹುಕಾರನ ತಾತನ ಕಾಲದಿಂದ ಹಗಲು ಹೊತ್ತಿನಲ್ಲಿ ಆ ಮನೆಯ ಬಾಗಿಲು ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ತಲೆಬಾಗಿಲು ಇರಲಿ, ಒಳಗಿನ ಕೋಣೆಗಳ ಬಾಗಿಲೂ ಅಷ್ಟೇ. ಬಂದವರು ನೇರ ನಡುಮನೆಗೆ ಬರಬೇಕು, ಕೂರಬೇಕು, ಚಹಾ ಕುಡಿಯಬೇಕು. ಇದೇನೂ ಅಪರೂಪ ಅಲ್ಲ ಬಿಡಿ. ನಮ್ಮ ಕಡೆ ಹಗಲು ಬಾಗಿಲು ಹಾಕಿದ ಮನೆ ಕಂಡರೆ ಒಳಗೆ ಜಗಳ ಆಗಿರಬೇಕು, ಇಲ್ಲವೇ ಯಾರೋ ಹೋಗಿರಬೇಕು ಎಂದುಕೊಳ್ಳುತ್ತೇವೆ. ಅಲ್ಲವೇ?

ಈ ಸಾಹುಕಾರನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಸಕ್ಕರೆ ಕಾಯಿಲೆಯನ್ನು ನಾವು ಮನೆಯ ಮಗನಂತೆ ಸಾಕಿಕೊಳ್ಳುತ್ತೇವೆ, ನೋಡಿ. ಮಾತ್ರೆ ನುಂಗಿ ಮೇಲೊಂದು ಹೋಳಿಗೆ ತಿನ್ನುತ್ತೇವೆ. ಹಾಗೆ ತಿಂದೂ ತಿಂದೂ ಆತನ ಎರಡೂ ಕಿಡ್ನಿ ಸೋತವು. ಕಾಲು ಊದಿತು, ಊಟ ಸೇರದಾಯಿತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ರಕ್ತವನ್ನು ಯಂತ್ರದಲ್ಲಿ ತೊಳೆಸಬೇಕು, ವಾರಕ್ಕೆ ಮೂರು ಸಲ ಜಿಲ್ಲಾ ಕೇಂದ್ರಕ್ಕೆ ಬರಬೇಕು ಎಂದರು ವೈದ್ಯರು.

"ಡಾಕ್ಟರ, ಅಷ್ಟ ದೂರ ವಾರಕ್ಕ ಮೂರು ಸಲ ಓಡ್ಯಾಡೂದು ನನ್ನ ಕೈಲೆ ಆಗೂದಿಲ್ರಿ. ಮನ್ಯಾಗ ಕುಂತ ಮಾಡ್ಕೊಳ್ಳೂವಂಥದ್ದು ಏನರ ಇದ್ರ ಹೇಳ್ರಿ" ಎಂದ ಸಾಹುಕಾರ.

ಇತ್ತು. ಅದಕ್ಕೆ ಹೊಟ್ಟೆಯ ಡಯಾಲಿಸಿಸ್ ಎನ್ನುತ್ತಾರೆ. ನಾನು ವೈದ್ಯನಲ್ಲ, ಆದರೆ ಎದುರಿಗೆ ಕೂತು ಕೇಳಿ ತಿಳಿದುಕೊಂಡಿದ್ದೇನೆ. ಹೊಟ್ಟೆಗೆ ಒಂದು ಸಣ್ಣ ಮೆತ್ತನೆಯ ನಳಿಕೆ ಕೂರಿಸುತ್ತಾರೆ. ಚೀಲದಲ್ಲಿ ಬರುವ ಎರಡು ಲೀಟರ್ ಔಷಧದ ನೀರನ್ನು ಆ ನಳಿಕೆಯಿಂದ ಹೊಟ್ಟೆಯೊಳಗೆ ಬಿಡಬೇಕು. ನಾಲ್ಕೈದು ತಾಸು ಅದು ಒಳಗೇ ಇದ್ದು ರಕ್ತದ ಕೊಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಆ ನೀರು ಹೊರಗೆ, ಹೊಸ ನೀರು ಒಳಗೆ. ಒಂದು ಸಲಕ್ಕೆ ಅರ್ಧ ತಾಸು ಹಿಡಿಯುತ್ತದೆ. ದಿನಕ್ಕೆ ನಾಲ್ಕು ಸಲ. ದೀಪಾವಳಿ ಇದ್ದರೂ ನಾಲ್ಕು ಸಲ, ಮನೆಯಲ್ಲಿ ಮದುವೆ ಇದ್ದರೂ ನಾಲ್ಕು ಸಲ.

ಯಾರು ಮಾಡಬೇಕು? ಸಾಹುಕಾರನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಬೆರಳು ಮರಗಟ್ಟಿದ್ದವು. ಹೆಂಡತಿ ಕಲಿತಳು. ನಾಲ್ಕನೇ ಇಯತ್ತೆ ಓದಿದ ಹೆಣ್ಣುಮಗಳು, ಎರಡು ವಾರ ಆಸ್ಪತ್ರೆಯಲ್ಲಿ ಕೂತು ಕಲಿತಳು. ಕಲಿಸಿದವರು ಒಬ್ಬ ನರ್ಸಬಾಯಿ. ಸಾಹುಕಾರನ ಹೆಸರು ಹೇಳಲಿಲ್ಲ, ಆದರೆ ಇವರ ಹೆಸರು ಹೇಳುತ್ತೇನೆ, ಸಲೋಮಿ ಬಾಯಿ. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರ ಮನೆಮನೆಗೆ ಬಸ್ಸಿನಲ್ಲಿ ಓಡಾಡುವುದೇ ಅವರ ಕೆಲಸ. ಮಾತು ಕಡಿಮೆ, ಕಣ್ಣು ಚುರುಕು.

ಅವರು ಆ ತಾಯಿಗೆ ಹೇಳಿಕೊಟ್ಟದ್ದು ಏನು? ಬಾಗಿಲು ಹಾಕು. ಕಿಟಕಿ ಹಾಕು. ಫ್ಯಾನ್ ಆರಿಸು. ಮೂಗು ಬಾಯಿ ಕಟ್ಟಿಕೋ. ಮೊಣಕೈವರೆಗೆ ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆ. ಆ ಹೊತ್ತಿನಲ್ಲಿ ಒಳಗೆ ಯಾರೂ ಬರಕೂಡದು. ಹೊರಗೆ ಬಂದ ನೀರಿನ ಚೀಲದ ಕೆಳಗೆ ಪೇಪರ್ ಇಟ್ಟು ನೋಡು. ಅಕ್ಷರ ಕಂಡರೆ ಎಲ್ಲ ಸರಿ ಇದೆ. ನೀರು ಮಬ್ಬಾಗಿ ಅಕ್ಷರ ಕಾಣದಿದ್ದರೆ ಹೊಟ್ಟೆಗೆ ಸೋಂಕು ತಗುಲಿದೆ, ಚೀಲ ಹಿಡಿದುಕೊಂಡು ಆಗಿಂದಾಗಲೇ ಆಸ್ಪತ್ರೆಗೆ ಬಾ. ಇಷ್ಟೇ. ಇನ್ನೊಂದು, ಊಟದಲ್ಲಿ ಬೇಳೆ, ಕಾಳು, ಮೊಸರು ಚೆನ್ನಾಗಿ ಇರಲಿ. ಹೊರಗೆ ಹೋಗುವ ನೀರು ಮೈಯ ಸತ್ವವನ್ನೂ ಒಂದಿಷ್ಟು ಕೊಂಡೊಯ್ಯುತ್ತದಂತೆ. ತಿನ್ನದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದಿದ್ದರು.

ಮೊದಲ ವರ್ಷ ಎಷ್ಟು ಚೆಂದ ನಡೆಯಿತು ಗೊತ್ತೇ? ಕಾಲಿನ ಊತ ಇಳಿಯಿತು, ಮುಖಕ್ಕೆ ಕಳೆ ಬಂತು. ಬೆಳಗಿನ ಚೀಲ ಮುಗಿಸಿ ಸಾಹುಕಾರ ಮಿಲ್ಲಿಗೆ ಹೋಗುತ್ತಿದ್ದ, ಮಧ್ಯಾಹ್ನದ ಚೀಲಕ್ಕೆ ಮನೆಗೆ ಬರುತ್ತಿದ್ದ. ಆ ತಾಯಿ ದಿನಾ ನಾಲ್ಕು ಸಲ ಚೀಲದ ಕೆಳಗಿನ ಪೇಪರ್ ಓದಿ ಓದಿ ಊರಿನ ರಾಜಕೀಯವೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು.

ಹೊಟ್ಟೆಗೆ ನಳಿಕೆ ಇದೆ ಎಂಬ ಸುದ್ದಿ ಊರಲ್ಲಿ ಹಬ್ಬಲು ಒಂದು ವರ್ಷ ಹಿಡಿಯಿತು. ಆಮೇಲೆ ನಾವು ಬಂದೆವು. ನಾವೆಂದರೆ ಯಾರು? ಮಾತಾಡಿಸಿಕೊಂಡು ಹೋಗಲು ಬರುವ ಮಂದಿ. ಯಾರಿಗಾದರೂ ಮೈ ಸರಿಯಿಲ್ಲ ಎಂದರೆ ನಮಗೆ ಕಾಲು ನಿಲ್ಲುವುದಿಲ್ಲ. ಹೋಗದಿದ್ದರೆ ತಪ್ಪು, ತಡವಾಗಿ ಹೋದರೆ ಇನ್ನೂ ದೊಡ್ಡ ತಪ್ಪು. ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಹೋಗಿ, ರೋಗಿಯ ಮಂಚದ ಮೇಲೇ ಕೂತು, 'ಎಷ್ಟ ಇಳದು ಹೋಗೀರಲ್ರಿ' ಎಂದು ಅವನ ಎದೆ ಒಡೆಸಿ, ಚಹಾ ಕುಡಿದು ಬರುತ್ತೇವೆ. ನಗಬೇಡಿ ಗುರುಶಿದ್ದವ್ವ, ನಿಮ್ಮ ಮಾತೇ ಹೇಳುತ್ತಿದ್ದೇನೆ.

ಮಧ್ಯಾಹ್ನದ ಚೀಲದ ಹೊತ್ತಿಗೆ ಸರಿಯಾಗಿ ಜನ ಬರುತ್ತಿದ್ದರು. ನೋಡಿದರೆ ಕೋಣೆಯ ಬಾಗಿಲು ಹಾಕಿದೆ. ಆ ಮನೆಯಲ್ಲಿ, ಹಾಡುಹಗಲಲ್ಲಿ, ಹಾಕಿದ ಬಾಗಿಲು. ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ನಡುಮನೆಯಲ್ಲಿ ಕೂತ ಒಬ್ಬರು ಒಳಗೆ ಕೇಳುವ ಹಾಗೆಯೇ ಅಂದರು, "ಸಾವ್ಕಾರ್ರ ಮನ್ಯಾಗೂ ಮಂದೀನ ಹೊರಗ ಕುಂಡ್ರಸೂ ಕಾಲ ಬಂತು ನೋಡ್ರಿ."

ಸಾಹುಕಾರನಿಗೆ ಆ ಮಾತು ಚುಚ್ಚಿತು. ಹೊಟ್ಟೆಗೆ ಚುಚ್ಚಿದ ನಳಿಕೆಗಿಂತ ಹೆಚ್ಚು ಚುಚ್ಚಿತು. "ಬಾಗಲಾ ತಗೀ" ಎಂದ ಹೆಂಡತಿಗೆ.

"ನರ್ಸಬಾಯಿ ಬ್ಯಾಡ ಅಂದಾರಲ್ರಿ."

"ಮಂದಿ ಏನಂತಾರ? ತಗೀ."

ತೆಗೆದಳು. ಮಂದಿ ಏನಂತಾರೆ ಎಂಬ ಒಂದು ಮಾತಿಗೆ ನಾವು ಏನೇನು ಮಾಡಿಲ್ಲ, ಹೇಳಿ. ಹೊಲ ಮಾರಿ ಮದುವೆ ಮಾಡಿದ್ದೇವೆ, ಇಲ್ಲದ ನಗು ನಕ್ಕಿದ್ದೇವೆ. ಈ ಸಾಹುಕಾರ ತನ್ನ ಹೊಟ್ಟೆಯನ್ನೇ ತೆರೆದಿಟ್ಟ. ಬಾಗಿಲು ತೆಗೆದ ಮೇಲೆ ಬಂದವರಿಗೆ ಸೆಕೆ ಆಗಬಾರದಲ್ಲ, ಫ್ಯಾನ್ ತಿರುಗಿತು. ಜಿನ್ನಿಂಗ್ ಮಿಲ್ಲಿನಿಂದ ಬರುವವರ ಅಂಗಿಯ ಮೇಲೆ ಹತ್ತಿಯ ನವಿರು ಇರುತ್ತಿತ್ತು, ಅದೂ ತಿರುಗಿತು. ತಂಗಿ ಬಂದು ಅಣ್ಣನ ಹಾಸಿಗೆಯ ಮೇಲೆ ಕೂತಳು. ಬಂದ ಪ್ರತಿಯೊಬ್ಬರೂ ಒಂದು ಪಥ್ಯ ಹೇಳಿದರು. 'ಬ್ಯಾಳಿ ಕಿಡ್ನಿಗೆ ಕೆಟ್ಟರಿ, ಬಿಡ್ರಿ' ಎಂದು ಒಬ್ಬರು, 'ಮೊಸರ ಥಂಡಿ' ಎಂದು ಇನ್ನೊಬ್ಬರು. ಆತ ಎಲ್ಲರ ಮಾತೂ ಕೇಳಿ ಗಂಜಿಗೆ ಬಂದು ನಿಂತ. ಮೈ ಸೊರಗಿತು. ಸೊರಗಿದ ಮೈ ಸೋಂಕನ್ನು ತಡೆಯುತ್ತದೆಯೇ?

ಈಗ ಕಥೆಯೊಳಗೆ ಒಬ್ಬ ಸ್ವಾಮಿ ಬರುತ್ತಾನೆ. ಮಿಲ್ಲಿನಲ್ಲಿ ಪೂಜೆ ಇತ್ತು, ಸ್ವಾಮಿಯನ್ನು ಕರೆದಿದ್ದರು. ಪೂಜೆ ಮುಗಿಸಿ, ಹತ್ತಿಪ್ಪತ್ತು ಜನರನ್ನು ಹಿಂದೆ ಕಟ್ಟಿಕೊಂಡು, ಸಾಹುಕಾರನನ್ನು ಹರಸಲು ಅವನ ಮನೆಗೆ ಬಂದ. ಆಗ ತಾನೇ ಆ ತಾಯಿ ಚೀಲ ಬದಲಿಸಿ, ನಳಿಕೆ ಹೊರಬರುವ ಜಾಗದ ಹಳೆಯ ಪಟ್ಟಿ ತೆಗೆದು ಹೊಸ ಪಟ್ಟಿ ಹಾಕುವುದರಲ್ಲಿದ್ದಳು. ಸಾಹುಕಾರ ಅಂಗಿ ಎತ್ತಿಕೊಂಡೇ ಇದ್ದ. "ಅಜ್ಜಾರ, ನೋವು ಇಲ್ಲೇ ಐತ್ರಿ. ಇಲ್ಲೇ ಕೈ ಇಡ್ರಿ" ಎಂದ. ಸ್ವಾಮಿ ಭಸ್ಮದ ಬಟ್ಟಲಿಗೆ ಬೆರಳು ಅದ್ದಿ, ನಳಿಕೆಯ ಬುಡಕ್ಕೆ, ಹೊಟ್ಟೆಯ ಮೇಲೆ, ಮೂರು ಬೆರಳು ಎಳೆದ. ಜನ ಕೈ ಮುಗಿದರು. ಒಬ್ಬರು ಫೋಟೋ ತೆಗೆದರು. ಆ ತಾಯಿ ಒಂದು ಹೆಜ್ಜೆ ಮುಂದೆ ಬಂದಳು, ಬಾಯಿ ತೆರೆದಳು, ಮತ್ತೆ ತಲೆ ತಗ್ಗಿಸಿ ಹಿಂದೆ ಸರಿದಳು.

ಆ ಸ್ವಾಮಿ ಯಾರು? ಆಚೆ ಈಚೆ ನೋಡಬೇಡಿ. ನಾನೇ.

ಹೌದು, ನಾನೇ. ಆಕೆ ಬಾಯಿ ತೆರೆದದ್ದನ್ನು ನಾನು ನೋಡಿದ್ದೆ. ಭಕ್ತಿಯಿಂದ ಗಂಟಲು ಕಟ್ಟಿತು ಎಂದುಕೊಂಡೆ. ನಮ್ಮಂಥವರಿಗೆ ಇದೊಂದು ರೋಗ, ಎಲ್ಲವೂ ಭಕ್ತಿಯ ಹಾಗೇ ಕಾಣುತ್ತದೆ.

ಮೂರನೆಯ ದಿನ ಬೆಳಗ್ಗೆ ಆಕೆ ಚೀಲದ ಕೆಳಗೆ ಪೇಪರ್ ಇಟ್ಟಳು. ಅಕ್ಷರ ಕಾಣಲಿಲ್ಲ. ಒಂದು ಗಳಿಗೆ ತಡಮಾಡಲಿಲ್ಲ ಆ ತಾಯಿ. ಚೀಲ ಹಿಡಿದುಕೊಂಡು, ಹೊಟ್ಟೆ ನೋವಿನಿಂದ ಮುದುಡಿದ ಗಂಡನನ್ನು ಕಾರಿನಲ್ಲಿ ಮಲಗಿಸಿ ಆಸ್ಪತ್ರೆ ಮುಟ್ಟಿಸಿದಳು. ಎಂಟು ದಿನ ಅಲ್ಲಿ ಇದ್ದರು. ಬೇಗ ತಂದದ್ದಕ್ಕೆ ನಳಿಕೆಯೂ ಉಳಿಯಿತು, ಜೀವವೂ ಉಳಿಯಿತು, ಇನ್ನೆರಡು ವಾರ ಚೀಲದಲ್ಲೇ ಔಷಧ ಬೆರೆಸಿ ಹಾಕಿ ಎಂದರು ವೈದ್ಯರು. ಮನೆಗೆ ಬಂದರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲವೇ? ಮುಗಿಯಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತ ನೆಂಟರು ಸೋಂಕು ಹೇಗೆ ಬಂತು ಎಂದು ವಿಚಾರಣೆ ನಡೆಸಿದ್ದರು. ವಿಚಾರಣೆಗೆ ಎಷ್ಟು ಹೊತ್ತು ಬೇಕು? ಚೀಲ ಮುಟ್ಟುವವಳು ಒಬ್ಬಳೇ. "ಕೈ ಛಲೋತ್ನಾಗಿ ತೊಳಕೊಂಡಿದ್ರ ನಮ್ಮಣ್ಣಗ ಯಾಕ ಹಿಂಗ ಆಗತಿತ್ತು" ಎಂದಳು ತಂಗಿ. ಎಲ್ಲರೂ ತಲೆ ಆಡಿಸಿದರು. ಯಾರು ಯಾರು ಕೋಣೆಗೆ ಬಂದಿದ್ದರು, ಯಾರ ಕೈ ಎಲ್ಲಿ ಇತ್ತು, ಎಲ್ಲವೂ ಆ ತಾಯಿಗೆ ಗೊತ್ತಿತ್ತು. ಹೇಳಿದರೆ ಸ್ವಾಮಿಗಳ ಹೆಸರು ಬರುತ್ತದೆ. ಅದಕ್ಕೆ ತಾನೇ ಹೊತ್ತುಕೊಂಡಳು.

ಮನೆಗೆ ಬಂದ ಮೇಲೆ ಕೈ ತೊಳೆಯುವುದು ಹೆಚ್ಚಾಯಿತು. ತೊಳೆದದ್ದೇ ತೊಳೆದದ್ದು. ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿಕೊಂಡಳು. ಬೆರಳ ಸಂದಿ ಬಿರಿದು ರಕ್ತ ಒಸರಿತು. ಸಾಹುಕಾರನಿಗೆ ಕಣ್ಣು ಮಂಜು, ಆದರೆ ನಲವತ್ತು ವರ್ಷ ಬಾಳಿದ ಹೆಂಡತಿಯ ಕೈ ತಾಗಿದರೆ ತಿಳಿಯದೇ? ಚೀಲ ಹಾಕುವಾಗ ಒಂದು ದಿನ ಆ ಒರಟು ಕೈ ಅವನ ಹೊಟ್ಟೆಗೆ ತಾಗಿತು. ಮರುದಿನ ಬೆಳಗ್ಗೆ ಆಕೆ ಚೀಲ ಬೆಚ್ಚಗೆ ಮಾಡಿ ತಂದಾಗ ಮುಖ ತಿರುಗಿಸಿದ.

"ಇನ್ನ ಸಾಕು. ಚೀಲಾ ಬ್ಯಾಡ."

"ಹೊತ್ತಾಗೇದ್ರಿ."

"ಆಗ್ಲಿ. ಇವತ್ತಿನಿಂದ ಬ್ಯಾಡ. ಆ ರಕ್ತಾ ತೊಳ್ಯೂ ಮಶೀನೂ ಬ್ಯಾಡ. ನನಗ ಬ್ಯಾಸರ ಆಗೇತಿ."

ಬೇಸರವಂತೆ. ಎಲ್ಲರೂ ನಂಬಿದರು. ಮಕ್ಕಳು ಹೇಳಿದರು, ನೆಂಟರು ಹೇಳಿದರು, ಕೇಳಲಿಲ್ಲ. ಫೋನು ಮಾಡಿದರೆ ವೈದ್ಯರು, ಹೀಗೇ ಬಿಟ್ಟರೆ ಹತ್ತು ಹದಿನೈದು ದಿನ ಅಷ್ಟೇ ಎಂದರು. ಕೇಳಿದಿರಾ? ಔಷಧ ಇದೆ, ಚೀಲ ಇದೆ, ಮಾಡುವ ಕೈ ಇದೆ. ಎಲ್ಲ ಇದ್ದೂ ಒಬ್ಬ ಮನುಷ್ಯ ಸಾಯಲು ಹೊರಟಿದ್ದಾನೆ.

ಮರುದಿನ ಬೆಳಗಿನ ಬಸ್ಸಿಗೆ ಸಲೋಮಿ ಬಾಯಿ ಬಂದರು. ಅಷ್ಟು ಹೊತ್ತಿಗೆ ನಾಲ್ಕು ಚೀಲ ತಪ್ಪಿದ್ದವು. ಎಲ್ಲರನ್ನೂ ಹೊರಗೆ ಕಳಿಸಿ ಸಾಹುಕಾರನ ಪಕ್ಕ ಕೂತರು. 'ಬ್ಯಾಸರ' ಎಂದ. ಅವರು ಎದ್ದು ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಸಾಹುಕಾರ ಬಾಯಿ ಬಿಟ್ಟ. "ಆಕೀ ಕೈ ನೋಡೀರೇನ್ರಿ ನೀವು? ನಾ ಇರೂತನಕ ಆಕಿಗೆ ಈ ಮಾತು ತಪ್ಪೂದಿಲ್ಲ. ಮತ್ತೊಂದ ಸಲ ಹಿಂಗಾದ್ರ ಮತ್ತ ಆಕೀನ್ನ ಅಂತಾರ. ನಾ ಹೋದ್ರ ಆಕಿ ಬಿಡುಗಡಿ ಆಗತಾಳ."

ನೋಡಿ, ಇದು ಕಾರಣ. ಹೆಂಡತಿಯ ಮೇಲಿನ ಪ್ರೀತಿಗೆ ಆತ ಪ್ರಾಣ ಬಿಡಲು ಹೊರಟಿದ್ದ. ಎಷ್ಟು ಒಳ್ಳೆಯ ಮನುಷ್ಯ, ಎಂಥ ದಡ್ಡ ಮನುಷ್ಯ. ಆತ ಹೋದರೆ ಆ ಮಾತು ಆಕೆಗೆ ತಪ್ಪುತ್ತದೆಯೇ? ಸಾಯುವವರೆಗೆ ಆಕೆಯ ತಲೆಯ ಮೇಲೇ ಕೂರುತ್ತದೆ.

ಸಲೋಮಿ ಬಾಯಿ ಹೊರಗೆ ಬಂದು ಆಕೆಯನ್ನು ಕೇಳಿದರು, ಸೋಂಕು ಆಗುವ ಮೊದಲು ಕೋಣೆಗೆ ಯಾರು ಯಾರು ಬಂದಿದ್ದರು ಎಂದು. ಆಕೆ ಒಬ್ಬೊಬ್ಬರ ಹೆಸರು ಹೇಳಿದಳು, ಒಂದು ಹೆಸರು ಬಿಟ್ಟು. ಬಿಟ್ಟರೇನು, ಮಂಚದ ಮೇಲುಗಡೆ ಗೋಡೆಗೆ ಹೊಸ ಫೋಟೋ ತೂಗುಹಾಕಿದ್ದರು, ಕಟ್ಟು ಹಾಕಿಸಿ, ಹೂವಿನ ಮಾಲೆ ಏರಿಸಿ. ಅದರಲ್ಲಿ ನಾನು. ನನ್ನ ಮೂರು ಬೆರಳು. ಬೆರಳ ಕೆಳಗೆ ನಳಿಕೆಯ ಬುಡ. ಸಲೋಮಿ ಬಾಯಿ ಮಾಲೆ ತೆಗೆದು ಮೊಳೆಗೆ ಹಾಕಿದರು, ಫೋಟೋ ಕಂಕುಳಲ್ಲಿ ಇಟ್ಟುಕೊಂಡರು, ಸೀದಾ ಮಠಕ್ಕೆ ಬಂದರು.

ನಾನು ಪೂಜೆ ಮುಗಿಸಿ ಕೂತಿದ್ದೆ. ಫೋಟೋ ನನ್ನ ಮುಂದೆ ಇಟ್ಟರು.

"ಅಜ್ಜಾರ, ಇದು ನಿಮ್ಮ ಕೈ ಹೌದಿಲ್ರಿ?"

"ಹೌದವಾ."

"ಅವತ್ತ ತೊಳದಿದ್ರ್ಯಾ?"

ನಿಜ ಹೇಳುತ್ತೇನೆ, ಮೊದಲು ನನಗೆ ಸಿಟ್ಟು ಬಂತು. ಪೀಠಕ್ಕೆ ಬಂದು ಮೂವತ್ತು ವರ್ಷವಾಗಿತ್ತು, ಕೈ ತೊಳೆದಿದ್ದೀರಾ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ಅವ್ವ ಕೇಳುತ್ತಿದ್ದಳು, ಊಟಕ್ಕೆ ಕೂರುವಾಗ. ಆಮೇಲೆ ಯಾರೂ ಇಲ್ಲ. ಸಿಟ್ಟು ಇಳಿದ ಮೇಲೆ ಅವತ್ತಿನ ದಿನ ನೆನೆಸಿಕೊಂಡೆ. ಮಿಲ್ಲಿನ ಯಂತ್ರಗಳಿಗೆ ಕುಂಕುಮ ಹಚ್ಚಿದ್ದೆ. ನೂರು ಜನರ ತಲೆ ಮುಟ್ಟಿದ್ದೆ. ಜೀಪಿನ ಸರಳು ಹಿಡಿದಿದ್ದೆ. ತೊಳೆದಿರಲಿಲ್ಲ.

"ಇದರಿಂದನ ಸೋಂಕ ಬಂತೇನವಾ?" ಎಂದೆ.

"ಖಾತ್ರಿ ಹೇಳಾಕ ನನಗ ಬರೂದಿಲ್ರಿ. ಕೈಯಾಗಿನ ಕ್ರಿಮಿ ಅಂತ ಪರೀಕ್ಷಾದಾಗ ಬಂದೈತಿ. ಯಾರ ಕೈ ಅಂತ ಅದರಾಗ ಬರದಿಲ್ಲ. ಬಾಗಲಾ ತಗದಿತ್ತು, ಫ್ಯಾನ್ ಇತ್ತು, ಇಪ್ಪತ್ತ ಮಂದಿ ಇದ್ರು. ಆದ್ರ ತಪ್ಪ ಮಾತ್ರ ಒಬ್ಬಾಕಿ ತಲೀಗೆ ಕಟ್ಯಾರ. ಆಕಿ ಸುಮ್ಮನ ಹೊತ್ಕೊಂಡ ಕುಂತಾಳ, ಅಂವ ಸಾಯಾಕ ಹೊಂಟಾನ."

ಹೀಗೆ ನಡುವೆ ಬಿಟ್ಟುಬಿಡುವವರು ಇನ್ನೂ ಇದ್ದಾರೆಯೇ ಎಂದು ಕೇಳಿದೆ. "ಭಾಳ ಮಂದಿ ಬಿಡತಾರ್ರಿ. ಸೋಂಕ ಆಗಿ ಕೆಲವ್ರು ಬಿಡತಾರ. ಹೊಟ್ಟಿ ಪದರನ ನೀರ ಜಗ್ಗೂದು ಬಿಟ್ಟ ಕೆಲವ್ರಿಗೆ ಮಶೀನಿಗೆ ಹೋಗಬೇಕಾಗತೈತಿ. ವಯಸ್ಸಾಗಿರತೈತಿ, ಸಕ್ಕರಿ ಇರತೈತಿ, ಎದಿ ಸೋತಿರತೈತಿ, ಅವೆಲ್ಲಾ ನಮ್ಮ ಕೈಯಾಗಿಲ್ಲ. ಆದ್ರ ನಾ ಕಂಡ ಮನಿಗೋಳೊಳಗ ಭಾಳ ಕಡೆ ರೋಗಿಗಿಂತ ಮೊದಲ ಮಾಡೂವಾಕಿ ಸೋಲತಾಳ್ರಿ. ಒಬ್ಬಾಕಿನ ಇರತಾಳ. ಆಕಿಗೆ ಜ್ವರ ಬಂದ್ರ ಮಾಡವ್ರ ಇರೂದಿಲ್ಲ. ಎರಡನೇ ಜೋಡ ಕೈ ಇದ್ದ ಮನ್ಯಾಗ ಮನಷ್ಯಾ ಹೆಚ್ಚ ದಿನ ಇರತಾನ. ಇದನ್ನ ನಾ ಕಣ್ಣಾರೆ ಕಂಡೇನಿ."

ಅವರ ಜೊತೆಗೇ ಎದ್ದು ಹೊರಟೆ. ಬಸ್ಸಿನಲ್ಲೇ ಹೋದೆವು. ಸ್ವಾಮಿಗಳು ಬಸ್ಸಿನಲ್ಲಿ ಬಂದರು ಎಂಬ ಸುದ್ದಿ ನಮಗಿಂತ ಮೊದಲೇ ಆ ಓಣಿ ಮುಟ್ಟಿತ್ತು. ಮನೆ ತುಂಬ ಜನ. ಸಾಹುಕಾರನ ಕೋಣೆಯೊಳಗೇ ಎಲ್ಲರೂ ನಿಂತಿದ್ದರು, ತಂಗಿ ಮುಂದೆ. ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಾಲು ಮತ್ತೆ ಊದಲು ಶುರುವಾಗಿತ್ತು.

ನಾನು ಎಲ್ಲರ ಮುಂದೆ ಹೇಳಿದೆ. ಈ ಫೋಟೋದಲ್ಲಿರುವ ಕೈ ನನ್ನದು, ಅವತ್ತು ನಾನು ಕೈ ತೊಳೆದಿರಲಿಲ್ಲ. ನಳಿಕೆಯ ಜಾಗ ಮುಟ್ಟಬಾರದು ಎಂದು ನನಗೆ ತಿಳಿದಿರಲಿಲ್ಲ, ಕೇಳಬೇಕು ಎಂದೂ ತೋಚಲಿಲ್ಲ. ಈ ತಾಯಿಗೆ ತಿಳಿದಿತ್ತು. ನನಗೆ ಹೇಳುವ ಧೈರ್ಯ ಆಕೆಗೆ ಬರಲಿಲ್ಲ, ಏಕೆಂದರೆ ಸ್ವಾಮಿಗೆ ಬೇಡ ಎನ್ನುವುದನ್ನು ನಾವು ಯಾರೂ ಆಕೆಗೆ ಕಲಿಸಿಲ್ಲ. ಆಕೆಯ ಕೈ ಶುದ್ಧವಾಗಿತ್ತು. ಒಂದು ವರ್ಷ ಇವನನ್ನು ಉಳಿಸಿದ್ದು ಆ ಕೈ. ಇಷ್ಟು ಹೇಳಿ ಆ ತಾಯಿಗೆ ಕೈ ಮುಗಿದೆ.

ಮನೆ ತುಂಬ ಗದ್ದಲವೆದ್ದಿತು. 'ಅಜ್ಜಾರು ಹಂಗ ಅನಬಾರದು' ಎಂದರು. ಸಾಹುಕಾರ ಈ ಕಡೆ ತಿರುಗಿದ. ಕಣ್ಣಲ್ಲಿ ನೀರು. "ನಿಮ್ಮ ಮ್ಯಾಲೆ ತಪ್ಪ ಹೊರಸಿ ನಾ ಎಲ್ಲಿಗೆ ಹೋಗ್ಲಿ ಅಜ್ಜಾರ?"

"ನೀ ಹೊರಸಿಲ್ಲಪ್ಪ, ನಾನ ಹೊತ್ಕೊಂಡೇನಿ. ನೀ ಚೀಲಾ ಹಾಕ್ಕೋ" ಎಂದೆ.

ಆತ ಅಂಗಿಗೆ ಕೈ ಹಾಕಲಿಲ್ಲ. ನಾನೇನೋ ಮಾಡಿದೆ ಎಂದುಕೊಂಡಿದ್ದೆ ನೋಡಿ, ನನ್ನಿಂದ ಏನೂ ಆಗಲಿಲ್ಲ. ಸ್ವಾಮಿ ತಪ್ಪು ಒಪ್ಪಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಎಂಬುದೂ ಒಂದು ಅಹಂಕಾರ. ಆತ ನನ್ನ ಮುಖ ನೋಡುತ್ತಿರಲಿಲ್ಲ. ಹೆಂಡತಿ ಏನು ಮಾಡುತ್ತಾಳೆ ಎಂದು ನೋಡುತ್ತಿದ್ದ.

ಆಕೆ ಎದ್ದಳು. ಬಚ್ಚಲಿಗೆ ಹೋಗಿ ಕೈ ತೊಳೆದಳು, ಈ ಸಲ ನಾರು ಮುಟ್ಟಲಿಲ್ಲ. ಬಿರಿದ ಬೆರಳಿಗೆ ಸಲೋಮಿ ಬಾಯಿ ಕೈಗವಸು ತೊಡಿಸಿದರು. ಮೂಗು ಬಾಯಿ ಕಟ್ಟಿಕೊಂಡು ಬಾಗಿಲ ಬಳಿ ನಿಂತಳು. ಕೋಣೆಯಲ್ಲಿ ನಾವೆಲ್ಲ ಹಾಗೇ ನಿಂತಿದ್ದೆವು, ನೋಡಿ, ಬುದ್ಧಿ ಬಂದವರ ಹಾಗೆ ಮಾತಾಡಿದ ನಾನೂ ಸೇರಿ. ಆಕೆ ನನ್ನ ಕಡೆ ತಿರುಗಿದಳು.

"ಅಜ್ಜಾರ, ಹೊರಗ ಕೂಡ್ರಿ."

ಆ ಮನೆಯಲ್ಲಿ ಭಿಕ್ಷುಕನಿಗೂ ಯಾರೂ ಆ ಮಾತು ಹೇಳಿರಲಿಲ್ಲ. ಆಗ ಮಂಚದ ಮೇಲಿನಿಂದ ಒಂದು ಸಣ್ಣ ನಗು ಬಂತು. ಸಾಹುಕಾರ ನಗುತ್ತಿದ್ದ. ಊದಿದ ಕಾಲು, ಒಣಗಿದ ತುಟಿ, ನಗುತ್ತಿದ್ದ. ನಗುತ್ತಲೇ ಅಂಗಿ ಎತ್ತಿಕೊಂಡು ನೆಟ್ಟಗೆ ಮಲಗಿದ. "ಬಾಗಲಾ ಹಾಕು" ಎಂದ.

ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸ್ವಾಮಿ ಹೊರಗೆ ಕೂತ ಮೇಲೆ ಉಳಿದವರು ಒಳಗೆ ನಿಲ್ಲಲು ಆಗುತ್ತದೆಯೇ? ಇಡೀ ನೆಂಟರ ಬಳಗ ಕಟ್ಟೆಯ ಮೇಲೆ ಸಾಲಾಗಿ ಕೂತಿತು. ಹಾದು ಹೋಗುವವರೆಲ್ಲ ನಿಂತು ನಿಂತು ನೋಡಿದರು. ತಂಗಿ ನನ್ನಿಂದ ಸ್ವಲ್ಪ ದೂರ ಕೂತಿದ್ದಳು, ಸೆರಗು ಬಾಯಿಗೆ ಇಟ್ಟುಕೊಂಡು. ಅತ್ತಳು. ಅತ್ತು ಮುಗಿದ ಮೇಲೆ, "ಅಜ್ಜಾರ, ನಮ್ಮ ವೈನಿಗೆ ನಾ ಯಾವ ಬಾಯಿಲೆ ಕೇಳ್ಲಿ. ನೀವ ಹೇಳ್ರಿ, ನನಗೂ ಕಲಸಂತ" ಎಂದಳು.

"ನಾ ಹೇಳೂದಿಲ್ಲವಾ. ಅಂದ ಬಾಯಿಲೆನ ಕೇಳು" ಎಂದೆ. ಕೇಳಿದಳು. ಎರಡು ವಾರದಲ್ಲಿ ಕಲಿತಳು. ಬೆಳಗಿನ ಎರಡು ಚೀಲ ಹೆಂಡತಿಯದು, ಮಧ್ಯಾಹ್ನದ ಮೇಲಿನ ಎರಡು ತಂಗಿಯದು. ಅತ್ತಿಗೆ ನಾದಿನಿ ಸೇರಿ ಮಾಡುವ ಕೆಲಸದಲ್ಲಿ ಜಗಳ ಆಗಲಿಲ್ಲವೇ ಎಂದು ಕೇಳುತ್ತೀರಿ. ಆಯಿತು, ದಿನಾ ಆಯಿತು. ಬೇಳೆ ಎಷ್ಟು ಹಾಕಬೇಕು ಎಂಬುದಕ್ಕೆ ಆಯಿತು. ಜಗಳವಾಡುತ್ತಲೇ ಆತನಿಗೆ ಎರಡು ಬಟ್ಟಲು ಬೇಳೆ ಉಣಿಸಿದರು. ಆ ತಾಯಿ ಒಂದು ವರ್ಷದ ಮೇಲೆ ಮೊದಲ ಸಲ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಳು.

ಈಗ ಕಥೆ ಸಾಕು. ಈಗ ನಿಮ್ಮ ಸರದಿ.

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ರೋಗಿಗಳಿದ್ದಾರೆ? ಕೈ ಎತ್ತುವುದು ಬೇಡ, ನನಗೆ ಗೊತ್ತು. ಪಾರ್ಶ್ವವಾಯು ಆದ ಅತ್ತೆ ಇದ್ದಾರೆ, ಸಕ್ಕರೆಯಿಂದ ಕಾಲು ಹುಣ್ಣಾದ ಅಪ್ಪ ಇದ್ದಾರೆ. ಈ ಸಭೆಯಲ್ಲೇ ಹೊಟ್ಟೆಗೆ ನಳಿಕೆ ಇಟ್ಟುಕೊಂಡು ಕೂತವರೂ ಒಬ್ಬರಿದ್ದಾರೆ. ಪ್ರತಿ ದಿನ ಪ್ರವಚನದ ನಡುವೆ ಎದ್ದು ಹೋಗುತ್ತಾರೆ. ಮಂಗಳಾರತಿಗೂ ನಿಲ್ಲಲಾರರೇ ಎಂದು ನೀವು ಹಿಂದಿನಿಂದ ಗೊಣಗುವುದು ನನ್ನ ಕಿವಿಗೆ ಬಿದ್ದಿದೆ. ಅವರಿಗೆ ಅದು ಚೀಲದ ಹೊತ್ತು. ಅವರು ಎದ್ದಾಗ ದಾರಿ ಬಿಡಿ. ಬಾಯಿ ಬೇಡ, ದಾರಿ ಸಾಕು.

ಮಾತಾಡಿಸಲು ಹೋಗಬೇಡಿ ಎನ್ನುತ್ತಿಲ್ಲ. ಹೋಗಿ. ಹೋಗುವ ಮೊದಲು ಕೇಳಿ, ಯಾವ ಹೊತ್ತಿಗೆ ಬರಲಿ ಎಂದು. ಹೋದ ಮೇಲೆ ಕೈ ತೊಳೆಯಿರಿ. ಹೊರಗೆ ಕೂರಿ ಎಂದರೆ ಕೂರಿ, ಮುಖ ಸಣ್ಣ ಮಾಡಬೇಡಿ. ಪಥ್ಯ ಹೇಳಬೇಡಿ, ಅದಕ್ಕೆ ವೈದ್ಯರಿದ್ದಾರೆ. ಯಾರ ಮನೆಯಲ್ಲಾದರೂ ಕಾಯಿಲೆ ಹೆಚ್ಚಾದರೆ ಸೇವೆ ಮಾಡುವವರ ಕೈ ಪರೀಕ್ಷೆ ಮಾಡಲು ಹೋಗಬೇಡಿ. ನಾಳೆ ನಾನೇ ನಿಮ್ಮ ಮನೆಗೆ ಬಂದು ಭಸ್ಮದ ಬಟ್ಟಲು ತೆಗೆದರೂ, ಬೇಡ ಎನ್ನುವ ಜಾಗದಲ್ಲಿ ಬೇಡ ಎನ್ನಿ. ನನಗೆ ಸಿಟ್ಟು ಬರುತ್ತದೆ, ಬರಲಿ, ಇಳಿಯುತ್ತದೆ.

ಇನ್ನು ಹಾಸಿಗೆಯಲ್ಲಿ ಇರುವವರಿಗೊಂದು ಮಾತು. ಇಲ್ಲಿಗೆ ಬರಲಾಗದೆ ಮನೆಯಲ್ಲಿ ಧ್ವನಿವರ್ಧಕದಿಂದ ಕೇಳುತ್ತಿರುವವರಿಗೂ ಹೇಳುತ್ತಿದ್ದೇನೆ. ಸಾಕು ಎನಿಸುತ್ತದೆ, ನನಗೆ ಗೊತ್ತು. ಸಾಕು ಎನ್ನುವ ಮೊದಲು ಯಾಕೆ ಸಾಕು ಎಂದು ಹೇಳಿ. ನೋವಿಗೆ ಸಾಕಾಯಿತೇ, ನಾಚಿಕೆಗೆ ಸಾಕಾಯಿತೇ, ಅವಳಿಗೆ ಹೊರೆ ಆದೆ ಎಂದು ಸಾಕಾಯಿತೇ? ಬೇಸರ ಎಂದು ಒಂದೇ ಮಾತಿನಲ್ಲಿ ಮುಚ್ಚಿಡಬೇಡಿ. ನಿಮ್ಮನ್ನು ನೋಡಿಕೊಳ್ಳುವವರ ಕಿವಿಯಲ್ಲೇ ಹೇಳಿ. ಅವರಿಗಾಗಿ ನೀವು ಹೋಗುತ್ತಿದ್ದರೆ, ಅವರನ್ನು ಒಂದು ಮಾತು ಕೇಳಿ ನೋಡಿ, ಅವರು ಏನು ಹೇಳುತ್ತಾರೆ ಎಂದು.

ಸಾಹುಕಾರ ಎಷ್ಟು ದಿನ ಬದುಕಿದ ಎಂದು ಮನಸ್ಸಿನಲ್ಲಿ ಕೇಳುತ್ತಿದ್ದೀರಿ. ಅವತ್ತಿನಿಂದ ಆರು ವರ್ಷ. ಕೊನೆಗೆ ಎದೆ ಸೋತಿತು, ವಯಸ್ಸೂ ಆಗಿತ್ತು. ಚೀಲ ಕೈಕೊಡಲಿಲ್ಲ, ಮತ್ತೊಂದು ಸಲ ಸೋಂಕು ಬರಲಿಲ್ಲ. ನಾನು ಹೋದಾಗ ಆ ತಾಯಿ ಅಳುತ್ತಿರಲಿಲ್ಲ. ನನ್ನ ಎದುರು ಕೂತು ಹೇಳಿದಳು, "ಅಜ್ಜಾರ, ಈ ಮನ್ಯಾಗ ಯಾವಾಗ್ಲೂ ಮಂದಿ. ಮದುವ್ಯಾಗಿ ನಲವತ್ತ ವರ್ಷ ನಾವಿಬ್ರ ಕುಂತ ಮಾತಾಡಿದ್ದ ಇಲ್ಲರಿ. ಬಾಗಲಾ ಹಾಕ್ಕೊಂಡ ಆ ಅರ್ಧ ತಾಸು ಮಾತಾಡತಿದ್ವಿ. ಆರು ವರ್ಷ ಮಾತಾಡಿದ್ವಿ. ಅವ್ರು ಸಣ್ಣವ್ರಿದ್ದಾಗಿನ ಮಾತೆಲ್ಲಾ ನನಗ ಈಗ ಗೊತ್ತೈತ್ರಿ."

ಸೇವೆ ಎಂದರೆ ಏನು ಎಂದು ಚೀಟಿ ಬರೆದವರೇ, ನನಗೆ ತಿಳಿದದ್ದು ಇಷ್ಟು. ಈಗ ಮನೆಗೆ ಹೋಗಿ. ನಿಮ್ಮ ಮನೆಯ ರೋಗಿಯನ್ನು ನೋಡಿಕೊಳ್ಳುವವರು ಒಬ್ಬರೇ ಇದ್ದರೆ, ಹೇಗಿದ್ದೀ ಎಂದು ಅವರನ್ನು ಕೇಳಬೇಡಿ. ನಿನ್ನ ಕೆಲಸದಲ್ಲಿ ಯಾವುದನ್ನು ನನಗೆ ಕಲಿಸುತ್ತೀ ಎಂದು ಕೇಳಿ. ಮದ್ದು ಕುಡಿಸುವುದಿರಲಿ, ಹಾಸಿಗೆ ಬದಲಿಸುವುದಿರಲಿ, ಚೀಲವೇ ಇರಲಿ. ತಪ್ಪಾಗುತ್ತದೆ, ಬೈಯುತ್ತಾರೆ, ಬೈಸಿಕೊಂಡು ಕಲಿಯಿರಿ. ಕಲಿತ ದಿನ ಅವರಿಗೆ, ಹೋಗವ್ವ, ಇವತ್ತು ನಾನು ಮಾಡುತ್ತೇನೆ, ನೀನು ಮಲಗು ಎನ್ನಿ. ಅವತ್ತು ಪ್ರವಚನಕ್ಕೆ ಬರುವುದು ತಪ್ಪಿದರೆ ತಪ್ಪಲಿ. ನೀವು ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ.